ಮೂಳೆ ಮುರಿದವರ ರಕ್ತ ಉಳಿಸುವುದು ಹೇಗೆ? ಬಿದ್ದ ಅಂಗಳದಿಂದ ವಾರ್ಡಿನವರೆಗೆ

ಮಳೆ ಹಿಡಿದರೆ ನಮ್ಮ ಕಡೆ ಮೂಳೆ ಮುರಿದುಕೊಂಡು ಬರುವವರು ಜಾಸ್ತಿ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿ, ಕೊಳೆ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿ ಬಿದ್ದ ಕೊನೆಗಾರ, ಘಾಟಿ ತಿರುವಿನಲ್ಲಿ ಬೈಕ್ ಸ್ಕಿಡ್ ಆದ ಹುಡುಗ. ಇಂಥವರ ಆಪರೇಷನ್‌ಗೆ ಅನಸ್ತೇಶಿಯಾ ಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆಯಿಂದ ಶಿವಮೊಗ್ಗಕ್ಕೆ ಬಂದ ಮನೆಯವರು ಥಿಯೇಟರ್ ಬಾಗಿಲಲ್ಲಿ ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: 'ಎಷ್ಟು ಬಾಟ್ಲಿ ರಕ್ತ ಬೇಕಾಗುತ್ತೆ ಡಾಕ್ಟ್ರೇ?'

ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕಿಂತ ಮುಂಚೆ ಯೋಚಿಸಬೇಕಾದದ್ದು, ಇರುವ ರಕ್ತ ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ. ಅದರಲ್ಲಿ ಸರ್ಜನ್ ಕೈಯಲ್ಲಿರುವುದು ಒಂದು ಪಾಲು. ಆಪರೇಷನ್‌ಗೆ ಮುಂಚಿನದು, ಆಮೇಲಿನದು ಬಹಳ ಮಟ್ಟಿಗೆ ಮನೆಯವರ ಕೈಯಲ್ಲೇ ಇದೆ. ಬಿದ್ದ ಗಳಿಗೆಯಿಂದ ಮನೆಗೆ ವಾಪಸ್ ಹೋಗುವವರೆಗೆ ಏನೇನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ರಕ್ತ ಒಳಗೇ ಹೋಗುತ್ತದೆ

ದೊಡ್ಡವರ ಮೈಯಲ್ಲಿ ಕೆ.ಜಿ.ಗೆ ಸುಮಾರು 70 ಮಿ.ಲೀ. ರಕ್ತ ಇರುತ್ತದೆ. 60 ಕೆ.ಜಿ. ತೂಕದವರಿಗೆ 4 ಲೀಟರ್‌ಗಿಂತ ಸ್ವಲ್ಪ ಜಾಸ್ತಿ. ತೊಡೆ ಮೂಳೆ ನಡುವೆ ಮುರಿದರೆ ಅದರಲ್ಲಿ 1ರಿಂದ 1.5 ಲೀಟರ್ ತೊಡೆಯೊಳಗೇ ಸೋರಿ ಹೋಗಬಹುದು. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ತೊಡೆ ಊದಿಕೊಂಡಿರುತ್ತದೆ, ಅಷ್ಟೇ. ಮೊಣಕಾಲಿನ ಕೆಳಗಿನ ಮೂಳೆಯಾದರೆ ಅರ್ಧ ಲೀಟರ್, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಸೊಂಟದ ಕಟ್ಟು, ಅಂದರೆ ಪೆಲ್ವಿಸ್ ಒಡೆದರೆ 2 ಲೀಟರ್ ದಾಟುವುದೂ ಉಂಟು.

ಮೂಳೆ ಒಣ ಕಟ್ಟಿಗೆಯಲ್ಲ. ಅದರ ಒಳಗೆ ಮಜ್ಜೆ ಇದೆ, ತುಂಬಾ ರಕ್ತನಾಳಗಳಿವೆ. ಮುರಿದ ತುದಿಗಳು ಅಲುಗಾಡಿದಷ್ಟೂ ಸುತ್ತಲಿನ ಮಾಂಸ ಹರಿಯುತ್ತದೆ, ಕಟ್ಟಿಕೊಂಡ ಹೆಪ್ಪು ಕಿತ್ತುಹೋಗುತ್ತದೆ, ರಕ್ತ ಮತ್ತೆ ಸೋರುತ್ತದೆ. 'ಗಾಯ ಏನೂ ಇಲ್ಲ, ಬರೀ ಒಳಗೆ ಮುರಿದಿದೆ' ಅಂತ ಸಮಾಧಾನ ಮಾಡಿಕೊಳ್ಳುವವರನ್ನು ನೋಡಿದರೆ ನನಗೆ ಆತಂಕವಾಗುತ್ತದೆ. ಎಷ್ಟೋ ಜನ ಥಿಯೇಟರ್‌ಗೆ ಬರುವ ಹೊತ್ತಿಗೇ ಅರ್ಧ ನಷ್ಟ ಆಗಿಹೋಗಿರುತ್ತದೆ.

ಮೊದಲ ಹೆಜ್ಜೆ: ಬಿದ್ದ ಜಾಗದಲ್ಲೇ

ಮೊದಲು 108ಕ್ಕೆ ಫೋನ್ ಮಾಡಿಸಿ. ಜೊತೆಗೇ ಬಿದ್ದ ಸಮಯ ನೋಡಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊರಗೆ ರಕ್ತ ಹರಿಯುತ್ತಿದ್ದರೆ ಶುಭ್ರವಾದ ಬಟ್ಟೆ ಮಡಚಿ ಗಾಯದ ಮೇಲಿಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕನಿಷ್ಠ 10 ನಿಮಿಷ. ನಿಂತಿತಾ ಅಂತ ನಡುನಡುವೆ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಅದರ ಮೇಲೇ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಮೂಳೆ ಹೊರಗೆ ಚಾಚಿದ್ದರೆ ಅದನ್ನು ಒಳಗೆ ತಳ್ಳಬಾರದು, ಅದರ ಮೇಲೆ ಒತ್ತಲೂಬಾರದು. ಸುತ್ತ ಒತ್ತಿ, ಮೇಲೆ ಬಟ್ಟೆ ಮುಚ್ಚಿ. ಕಾಫಿ ಪುಡಿ, ಅರಿಶಿನ, ಸುಣ್ಣ, ಹೊಗೆಸೊಪ್ಪು ಯಾವುದೂ ಬೇಡ. ಅದನ್ನೆಲ್ಲ ತೊಳೆದು ತೆಗೆಯಲು ಆಪರೇಷನ್ ಹೊತ್ತು ಬೆಳೆಯುತ್ತದೆ. ಕೀವು ಆಗುವ ಅಪಾಯ ಬೇರೆ.

ಹಗ್ಗದಿಂದ ಬಿಗಿಯುವ ಅಭ್ಯಾಸ ನಮ್ಮಲ್ಲಿದೆ. ಇದನ್ನು ತಿಳಿದು ಮಾಡಬೇಕು. ಅರೆಬರೆ ಬಿಗಿದರೆ ಹೃದಯಕ್ಕೆ ವಾಪಸ್ ಹೋಗುವ ಮೇಲಿನ ನಾಳಗಳು ಮಾತ್ರ ಮುಚ್ಚಿಕೊಳ್ಳುತ್ತವೆ. ಒಳಗಿನ ದೊಡ್ಡ ನಾಳದಿಂದ ರಕ್ತ ಬರುತ್ತಲೇ ಇರುತ್ತದೆ. ಅಂದರೆ ಸೋರುವುದು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ತಂತಿ, ಸಣ್ಣ ದಾರದಿಂದ ಕಟ್ಟಿದರೆ ನರ, ಮಾಂಸ ಸಾಯುತ್ತದೆ. ಎಷ್ಟು ಒತ್ತಿದರೂ ರಕ್ತ ಚಿಮ್ಮುವುದು ನಿಲ್ಲದೆ, ಜೀವಕ್ಕೇ ಬಂದಾಗ ಮಾತ್ರ ಅಗಲವಾದ ಬಟ್ಟೆಯಿಂದ ಗಾಯದ ಮೇಲ್ಗಡೆ, ರಕ್ತ ಪೂರ್ತಿ ನಿಲ್ಲುವಷ್ಟು ಬಿಗಿದು, ಕಟ್ಟಿದ ಸಮಯ ಬರೆದಿಡಿ. ಆಸ್ಪತ್ರೆ ತಲುಪುವ ಮುಂಚೆ ಬಿಚ್ಚಬೇಡಿ.

ಈಗ ಮುರಿದ ಭಾಗ ಅಲುಗದ ಹಾಗೆ ಮಾಡುವುದು. ರಕ್ತ ಉಳಿಸಲು ಮನೆಯವರು ಮಾಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಮೊದಲನೇ ಮಹಾಯುದ್ಧದಲ್ಲಿ ತೊಡೆ ಮುರಿದ ಸೈನಿಕರು ಗುಂಪು ಗುಂಪಾಗಿ ಸಾಯುತ್ತಿದ್ದರು. ಯುದ್ಧಭೂಮಿಯಲ್ಲೇ ಥಾಮಸ್ ಸ್ಪ್ಲಿಂಟ್ ಅನ್ನುವ ಕಬ್ಬಿಣದ ಚೌಕಟ್ಟು ಹಾಕಿ ಕಾಲನ್ನು ನೇರ ಎಳೆದು ಕಟ್ಟುವುದು ಶುರುವಾದ ಮೇಲೆ ಆ ಸಾವು ಎಷ್ಟೋ ಇಳಿಯಿತು. ಆಗ ರಕ್ತ ಏರಿಸುವ ವ್ಯವಸ್ಥೆ ಇನ್ನೂ ಕಣ್ಣು ಬಿಡುತ್ತಿತ್ತು. ಇವತ್ತಿಗೂ ಕ್ಯಾಶುಯಾಲಿಟಿಯಲ್ಲಿ ಅದೇ ಸ್ಪ್ಲಿಂಟ್ ಬಳಸುತ್ತೇವೆ.

ಮನೆಯಲ್ಲಿ ಥಾಮಸ್ ಸ್ಪ್ಲಿಂಟ್ ಇರುವುದಿಲ್ಲ. ಆದರೆ ಮಲೆನಾಡಿನ ಮನೆಯಲ್ಲಿ ಅಡಿಕೆ ಮರ ಸೀಳಿದ ದಬ್ಬೆ ಇರುತ್ತದೆ, ಹಾಳೆ ಇರುತ್ತದೆ. ಕಾಲಿಗಾದರೆ ಎರಡು ದಬ್ಬೆಗೆ ಟವೆಲ್ ಸುತ್ತಿ ಮೆತ್ತಗೆ ಮಾಡಿ ಕಾಲಿನ ಎರಡೂ ಪಕ್ಕ ಇಡಿ. ಪಂಚೆ ಹರಿದ ಪಟ್ಟಿಯಿಂದ ಕಟ್ಟಿ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗಬಾರದು. ಅಂದರೆ ತೊಡೆ ಮುರಿದಿದ್ದರೆ ದಬ್ಬೆ ಸೊಂಟದಿಂದ ಹಿಮ್ಮಡಿಯ ತನಕ ಇರಬೇಕು. ದಬ್ಬೆ ಸಿಗದಿದ್ದರೆ ಮುರಿದ ಕಾಲನ್ನು ಒಳ್ಳೆಯ ಕಾಲಿಗೇ ಸೇರಿಸಿ ಕಟ್ಟಿ. ಮುಂಗೈಗೆ ಅಡಿಕೆ ಹಾಳೆ ಅಳತೆಗೆ ಕತ್ತರಿಸಿ ಸುತ್ತಿದರೆ ಸಾಕು. ಕಟ್ಟಿದ ಮೇಲೆ ಬೆರಳು ನೋಡಿ. ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ ಕಟ್ಟು ಸಡಿಲಿಸಿ.

ಎತ್ತರದಿಂದ ಬಿದ್ದವರು, ಗಾಡಿ ಹಾಯ್ದವರು ಸೊಂಟ ನೋವು ಅಂದರೆ ಪೆಲ್ವಿಸ್ ಒಡೆದಿದೆ ಅಂತಲೇ ತಿಳಿಯಿರಿ. ಒತ್ತಿ, ಅಲುಗಾಡಿಸಿ ಪರೀಕ್ಷೆ ಮಾಡಬೇಡಿ. ಸೀರೆ ಅಥವಾ ದುಪ್ಪಟಿಯನ್ನು ಅಗಲವಾಗಿ ಮಡಚಿ, ತೊಡೆಯ ಮೇಲ್ತುದಿಯಲ್ಲಿ ಪಕ್ಕಕ್ಕೆ ಉಬ್ಬಿರುವ ಮೂಳೆ ಸಿಗುತ್ತದಲ್ಲ, ಆ ಮಟ್ಟದಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿ. ಪಂಚೆ ಉಡುವ ಜಾಗ ಇನ್ನೂ ಮೇಲೆ. ಅಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ. ಮೊಣಕಾಲು, ಪಾದ ಎರಡನ್ನೂ ಜೋಡಿಸಿ ಕಟ್ಟಿ. ತೆರೆದುಕೊಂಡ ಮೂಳೆ ಹತ್ತಿರ ಬಂದಷ್ಟೂ ಒಳಗಿನ ರಕ್ತಸ್ರಾವಕ್ಕೆ ತಡೆ ಬೀಳುತ್ತದೆ.

ನಮ್ಮ ಒಂಟಿ ಮನೆಗಳಿಗೆ ಆಂಬುಲೆನ್ಸ್ ಬರುವುದಿಲ್ಲ. ಕಾಲುಸಂಕ ದಾಟಿ, ಗುಡ್ಡ ಇಳಿದು ಟಾರ್ ರೋಡಿಗೆ ಹೊತ್ತು ತರಬೇಕು. ಕಂಬಳಿ ಜೋಳಿಗೆಯಲ್ಲಿ ಹೊತ್ತರೆ ಮೈ ಮಡಚಿಕೊಂಡು ಮುರಿದ ಮೂಳೆ ಪ್ರತಿ ಹೆಜ್ಜೆಗೂ ಉಜ್ಜುತ್ತದೆ. ಹಲಗೆ, ಏಣಿ, ಕಳಚಿದ ಬಾಗಿಲು, ಯಾವುದಾದರೂ ಚಪ್ಪಟೆ ವಸ್ತು ಒಳ್ಳೆಯದು.

ಇನ್ನೊಂದು ವಿಷಯ, ಅದನ್ನು ಯಾರೂ ಗಮನಿಸುವುದಿಲ್ಲ. ಮಳೆಯಲ್ಲಿ ತೊಯ್ದು, ತಣ್ಣಗೆ ನಡುಗುತ್ತಾ ಬಂದವರ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೆಪ್ಪುಗಟ್ಟಿಸುವ ವಸ್ತುಗಳೆಲ್ಲ ಮೈಬಿಸಿಯಲ್ಲಿ ಕೆಲಸ ಮಾಡುವಂಥವು. ಆಪರೇಷನ್ ವೇಳೆ ಮೈ ಶಾಖ ಬರೀ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿದರೂ ರಕ್ತ ಸುಮಾರು 16 ಶೇಕಡ ಜಾಸ್ತಿ ಹೋಗುತ್ತದೆ ಅಂತ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡಿದೆ. ಹಾಗಾಗಿ ಒದ್ದೆ ಬಟ್ಟೆ ಕತ್ತರಿಸಿ ತೆಗೆಯಿರಿ. ಮೈ ಒರೆಸಿ, ಒಣ ಕಂಬಳಿ ಹೊದಿಸಿ, ತಲೆಗೂ ಟವೆಲ್ ಸುತ್ತಿ. ಆಗುಂಬೆ ಕಡೆಯಿಂದ ಶಿವಮೊಗ್ಗಕ್ಕೆ ಬರಲು ಎರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಒದ್ದೆ ಬಟ್ಟೆಯಲ್ಲಿ ಮಲಗಿ ಬಂದವರಿಗೆ ನಾವು ಥಿಯೇಟರಿನಲ್ಲಿ ಎಷ್ಟು ಬಿಸಿಗಾಳಿ ಕೊಟ್ಟರೂ ಮೈ ಬೇಗ ಬಿಸಿಯಾಗುವುದಿಲ್ಲ.

ಊಟ, ಕಾಫಿ ಏನೂ ಕೊಡಬೇಡಿ. ಆಪರೇಷನ್ ತಡವಾಗಲು ಅದೂ ಒಂದು ಕಾರಣವಾಗುತ್ತದೆ.

ಎಣ್ಣೆ ತಿಕ್ಕುವ ಮುನ್ನ

ನಾಟಿ ಮೂಳೆ ಕಟ್ಟುವವರ ಮೇಲೆ ನನಗೆ ಅಗೌರವ ಇಲ್ಲ. ರಸ್ತೆ, ಆಸ್ಪತ್ರೆ ಇಲ್ಲದ ಕಾಲದಲ್ಲಿ ಊರಿನ ಕೈಕಾಲು ಉಳಿಸಿದವರು ಅವರೇ. ಆದರೆ ತೊಡೆ, ಸೊಂಟ (ಅಂದರೆ ತೊಡೆ ಮೂಳೆ ಸೊಂಟಕ್ಕೆ ಸೇರುವ ಮೇಲ್ತುದಿ), ಪೆಲ್ವಿಸ್ ಮುರಿದಾಗ ತಿಕ್ಕಿ, ಎಳೆದು ಕೂರಿಸುವುದು ಅಪಾಯ. ಒಳಗೆ ಕಟ್ಟಿದ ಹೆಪ್ಪು ಒಡೆದು ಮತ್ತೆ ರಕ್ತ ಸೋರುತ್ತದೆ. ಊತ ಏರುತ್ತಿರುವ ಕಾಲಿಗೆ ಬಿದಿರು ಕಟ್ಟಿ ಬಿಗಿದರೆ ಒತ್ತಡ ತಾಳದೆ ಮಾಂಸ ಸಾಯಬಹುದು. ಜೊತೆಗೆ ದಿನ ಕಳೆಯುತ್ತದೆ. ಎರಡು ಮೂರು ವಾರ ಬಿಟ್ಟು ಬಂದಾಗ ಮೂಳೆ ವಕ್ರವಾಗಿ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಿ ಕೂರಿಸಲು ದೊಡ್ಡದಾಗಿ ಕೊಯ್ಯಬೇಕು. ಹೊಸದರಲ್ಲಿ ಚಿಕ್ಕ ಕೊಯ್ತದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆಗ ರಕ್ತವೂ ಜಾಸ್ತಿ, ಹೊತ್ತೂ ಜಾಸ್ತಿ. ಎಕ್ಸ್‌ರೇ ಆಗುವವರೆಗೆ ತಿಕ್ಕಿಸಬೇಡಿ, ಇಷ್ಟು ಮಾತ್ರ ನನ್ನ ಕೋರಿಕೆ.

ಎರಡನೇ ಹೆಜ್ಜೆ: ಮೂರು ಗಂಟೆಯ ಲೆಕ್ಕ

ಬಿದ್ದ ಸಮಯ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದರ ಕಾರಣ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧಿ. 1960ರ ದಶಕದಲ್ಲಿ ಜಪಾನಿನ ಉತಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ ಕಂಡುಹಿಡಿದದ್ದು. ದುಬಾರಿಯಲ್ಲ. ಹೆರಿಗೆಯ ರಕ್ತಸ್ರಾವಕ್ಕೂ ಬಳಸುತ್ತಾರೆ.

ಇದರ ಕೆಲಸ ಹೀಗೆ. ಗಾಯವಾದಾಗ ಮೈ ತಾನೇ ಹೆಪ್ಪು ಕಟ್ಟಿಸಿ ನಾಳ ಮುಚ್ಚುತ್ತದೆ. ಅದೇ ಮೈ ಆ ಹೆಪ್ಪನ್ನು ಕರಗಿಸುವ ಕೆಲಸವನ್ನೂ ಜೊತೆಗೇ ಶುರು ಮಾಡುತ್ತದೆ. ದೊಡ್ಡ ಪೆಟ್ಟು ಬಿದ್ದಾಗ ಈ ಕರಗಿಸುವ ಕೆಲಸ ಅತಿಯಾಗುತ್ತದೆ. ತೋಟದ ಕಪ್ಪಿನ, ಅಂದರೆ ಬಸಿಗಾಲುವೆಯ ಬದು ಒಡೆದಾಗ ಹಾಕಿದ ಮಣ್ಣನ್ನು ಮಳೆನೀರು ಹಿಂದೆಯೇ ಕೊಚ್ಚಿಕೊಂಡು ಹೋಗುವ ಹಾಗೆ. ಟ್ರಾನೆಕ್ಸಾಮಿಕ್ ಆಸಿಡ್ ಹೊಸ ಮಣ್ಣು ಹಾಕುವುದಿಲ್ಲ, ಹಾಕಿದ್ದು ಕೊಚ್ಚಿಹೋಗದ ಹಾಗೆ ತಡೆಯುತ್ತದೆ.

ಪೆಟ್ಟು ಬಿದ್ದು ರಕ್ತ ಹೋಗುತ್ತಿರುವವರಿಗೆ ಇದು ಜೀವ ಉಳಿಸುತ್ತದೆ ಅನ್ನುವುದನ್ನು 2010ರಲ್ಲಿ ಕ್ರ್ಯಾಶ್-2 ಅನ್ನುವ ಅಧ್ಯಯನ ತೋರಿಸಿತು. 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳು ಅದರಲ್ಲಿದ್ದರು. ಮೊದಲು 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ ಇನ್ನೊಂದು ಗ್ರಾಂ 8 ಗಂಟೆಯಲ್ಲಿ ಡ್ರಿಪ್ ಮೂಲಕ ಕೊಟ್ಟಿದ್ದರು. ಆದರೆ ಪೆಟ್ಟು ಬಿದ್ದು 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಲಾಭ. ಅದು ಮೀರಿದ ಮೇಲೆ ರಕ್ತಸ್ರಾವ ಆಗುತ್ತಿರುವ ಗಾಯಾಳುವಿಗೆ ಕೊಟ್ಟರೆ ಕೆಡುಕೇ ಆಗಬಹುದು ಅಂತಲೂ ಅದೇ ಅಧ್ಯಯನದಲ್ಲಿ ಕಂಡಿತು.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿ.ಮೀ., ಸಾಗರದಿಂದ 70 ಕಿ.ಮೀ. ಆಸುಪಾಸು. ಗುಡ್ಡ ಇಳಿಸಿ, ಗಾಡಿ ಹುಡುಕಿ ಬರುವಷ್ಟರಲ್ಲಿ ಮೂರು ಗಂಟೆ ಮುಗಿದೇ ಹೋಗುತ್ತದೆ. ಅದಕ್ಕೇ ದೊಡ್ಡ ಗಾಯ ಇದ್ದಾಗ ತಾಲ್ಲೂಕು ಆಸ್ಪತ್ರೆ ದಾಟಿಕೊಂಡು ನೇರ ಬರಬೇಡಿ. ಅಲ್ಲಿ ಡ್ರಿಪ್, ಸ್ಪ್ಲಿಂಟ್, ಈ ಇಂಜೆಕ್ಷನ್ ಕೊಡಿಸಿಕೊಂಡು ಬನ್ನಿ. ಬಿದ್ದ ಸಮಯ ಹೇಳಿ. ಫಿಟ್ಸ್, ಕಿಡ್ನಿ ತೊಂದರೆ ಇದ್ದರೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದ ಇತಿಹಾಸ ಇದ್ದರೆ ಅದನ್ನೂ ಹೇಳಿ. ಕೊಡಬೇಕೋ ಬೇಡವೋ, ಎಷ್ಟು ಕೊಡಬೇಕು ಅನ್ನುವುದು ವೈದ್ಯರ ತೀರ್ಮಾನ. ಅವರು ಚೀಟಿಯಲ್ಲಿ ಏನು ಕೊಟ್ಟರು ಅಂತ ಬರೆದದ್ದನ್ನು ನಮ್ಮ ಕೈಗೆ ಕೊಡಿ.

ಮೂರನೇ ಹೆಜ್ಜೆ: ಆಸ್ಪತ್ರೆಯಲ್ಲಿ ಮುಚ್ಚಿಡದೆ ಹೇಳಿ

ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಯನ್ನು ಇಡಿಯಾಗಿ ತನ್ನಿ. 'ಬಿಪಿ ಮಾತ್ರೆ, ಬಿಳಿ ಬಣ್ಣದ್ದು' ಅಂದರೆ ನಮಗೆ ತಿಳಿಯುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಮೂರು ಬಗೆ. ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ಥರದವು ಒಂದು. ಅಸಿಟ್ರಾಮ್, ವಾರ್ಫರಿನ್ ಇನ್ನೊಂದು. ಅಪಿಕ್ಸಬಾನ್, ರಿವರಾಕ್ಸಬಾನ್, ಡ್ಯಾಬಿಗಟ್ರಾನ್ ಹೊಸ ಬಗೆಯವು. ಮೊದಲ ಬಗೆಯದನ್ನು ತೆಗೆದುಕೊಳ್ಳುತ್ತಿದ್ದರೆ ಸೊಂಟದ ಮೂಳೆಯ ಆಪರೇಷನ್ ಮುಂದೂಡುವುದಿಲ್ಲ. ಹೆಚ್ಚು ಎಚ್ಚರ ವಹಿಸಿ ಮಾಡುತ್ತೇವೆ. ವಾರ್ಫರಿನ್ ಬಗೆಯದಾದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿ, ವಿಟಮಿನ್ ಕೆ ಕೊಟ್ಟು ಅದರ ಪರಿಣಾಮ ಇಳಿಸಬಹುದು. ಹೊಸ ಬಗೆಯದಕ್ಕೆ ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಅನ್ನುವುದೇ ಮುಖ್ಯ. ಕಿಡ್ನಿ ಹೇಗಿದೆ ನೋಡಿ 24ರಿಂದ 48 ಗಂಟೆ ಕಾಯಬೇಕಾಗಬಹುದು.

ಇಲ್ಲಿ ಒಂದು ಎಚ್ಚರಿಕೆ. 'ರಕ್ತ ತೆಳು ಮಾಡುತ್ತಂತೆ' ಅಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ವಾಲ್ವ್ ಬದಲಿಸಿಕೊಂಡವರು ಸುಮ್ನೆ ನಿಲ್ಲಿಸಿದರೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಬಹುದು.

ನೋವಿಗೆ ಅಂಗಡಿಯಿಂದ ತಂದು ನುಂಗಿದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ಹೆಪ್ಪು ಕಟ್ಟಲು ಬೇಕಾದ ಪ್ಲೇಟ್‌ಲೆಟ್ ಅನ್ನುವ ರಕ್ತಕಣಗಳ ಅಂಟುವ ಗುಣ ತಗ್ಗಿಸುತ್ತವೆ. ಪ್ಯಾರಾಸಿಟಮಾಲ್ ಹಾಗೆ ಮಾಡುವುದಿಲ್ಲ. ನಾಟಿ ಕಷಾಯ, ಬೇರಿನ ಔಷಧಿ ತೆಗೆದುಕೊಂಡಿದ್ದರೆ ಸಂಕೋಚ ಬೇಡ, ಹೇಳಿಬಿಡಿ. ಯಾರೂ ಬೈಯುವುದಿಲ್ಲ.

ಮಲೆನಾಡಿನವರು ಮರೆಯದೆ ಹೇಳಬೇಕಾದ ಇನ್ನೂ ಎರಡು ವಿಷಯ ಇವೆ. ಮೊದಲನೆಯದು ಇತ್ತೀಚಿನ ಜ್ವರ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲೂ, ಡೆಂಗಿಯಲ್ಲೂ, ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಜ್ವರದ ಸುಸ್ತಿನಲ್ಲಿ ತಲೆ ತಿರುಗಿ ಬಿದ್ದೇ ಮೂಳೆ ಮುರಿದಿರಬಹುದು, ಅಲ್ವಾ? ಎರಡನೆಯದು ಹಾವು. ತೋಟದಲ್ಲಿ ಮಂಡಲದ ಜಾತಿಯ ಹಾವು ಕಚ್ಚಿ, ಹೆದರಿ ಓಡಿ ಬಿದ್ದವರಿದ್ದರೆ ಆ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸಿರುತ್ತದೆ. ಅದು ತಿಳಿಯದೆ ಕತ್ತಿ ಇಟ್ಟರೆ ರಕ್ತ ನಿಲ್ಲಿಸುವುದು ಬಹಳ ಕಷ್ಟ.

ಹಿಂದೆ ಹಲ್ಲು ಕೀಳಿಸಿದಾಗ ದಿನಗಟ್ಟಲೆ ರಕ್ತ ನಿಲ್ಲದಿದ್ದದ್ದು, ಹೆರಿಗೆಯಲ್ಲಿ, ಮುಟ್ಟಿನಲ್ಲಿ ಅತಿಯಾಗಿ ಹೋಗುವುದು, ಮನೆತನದಲ್ಲಿ ಅಂಥ ಕಾಯಿಲೆ ಇರುವುದು, ಸಿಕಲ್ ಸೆಲ್ ತೊಂದರೆ, ಲಿವರ್ ತೊಂದರೆ, ಕುಡಿತ, ಇವೂ ಲೆಕ್ಕಕ್ಕೆ ಬರುತ್ತವೆ.

ನಾಲ್ಕನೇ ಹೆಜ್ಜೆ: ಹಿಮೋಗ್ಲೋಬಿನ್ ಮತ್ತು ಕಾಯುವ ಪ್ರಶ್ನೆ

ಗಂಡಸರಿಗೆ ಹಿಮೋಗ್ಲೋಬಿನ್ 13, ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಇದಿದೆ. 9 ಇದ್ದವರು ಬಿದ್ದರೆ, ಕಳೆದುಕೊಳ್ಳಲು ಅವರ ಹತ್ತಿರ ಹೆಚ್ಚು ಉಳಿದಿರುವುದಿಲ್ಲ.

'ರಕ್ತ ಕಮ್ಮಿ ಇದೆ, ಹದಿನೈದು ದಿನ ಮನೆಗೆ ಕರೆದುಕೊಂಡು ಹೋಗಿ ದಾಳಿಂಬೆ, ಬೀಟ್‌ರೂಟ್ ಕೊಟ್ಟು ಕರೆತರುತ್ತೇವೆ' ಅನ್ನುತ್ತಾರೆ ಕೆಲವರು. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ವಯಸ್ಸಾದವರ ಸೊಂಟದ ಮೂಳೆ ಮುರಿದಾಗ ಕಾಯುವುದು ತಪ್ಪು. ಕಾಯುವಾಗಲೂ ಮುರಿದ ಜಾಗ ಸೋರುತ್ತಿರುತ್ತದೆ. ಮಲಗಿದಲ್ಲೇ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ. ಬಂದು 36ರಿಂದ 48 ಗಂಟೆಯೊಳಗೆ ಆಪರೇಷನ್ ಮುಗಿಸುವುದು ಒಳ್ಳೆಯದು ಅನ್ನುವುದು ಈಗಿನ ತಿಳಿವಳಿಕೆ. ಬೇಕಾದರೆ ಒಂದು ಯೂನಿಟ್ ರಕ್ತ ಕೊಟ್ಟೇ ಮಾಡಬಹುದು.

ಪೆಲ್ವಿಸ್‌ನ ಕೆಲವು ಆಪರೇಷನ್‌ಗಳನ್ನು ಮಾತ್ರ ಮೊದಲ ರಕ್ತಸ್ರಾವ ತಣ್ಣಗಾಗಲಿ ಅಂತ ಕೆಲವು ದಿನ ಬಿಟ್ಟು ಮಾಡುತ್ತಾರೆ. ಹಾಗೇ, ಮೈತುಂಬಾ ಪೆಟ್ಟಾಗಿ ಬಿಪಿ ಬಿದ್ದವರಿಗೆ ಮೊದಲು ಹೊರಗಿನಿಂದ ರಾಡ್ ಕಟ್ಟಿ ಮೂಳೆ ನಿಲ್ಲಿಸಿ, ಸುಧಾರಿಸಿದ ಮೇಲೆ ಪೂರ್ತಿ ಆಪರೇಷನ್ ಮಾಡುತ್ತಾರೆ. 'ಒಂದೇ ಸಲ ಯಾಕೆ ಮಾಡಲಿಲ್ಲ' ಅಂತ ಬೇಸರಪಡಬೇಡಿ. ಅದು ರಕ್ತ ಉಳಿಸುವ ದಾರಿಯೇ.

ದಿನ ಗೊತ್ತು ಮಾಡಿ ಮಾಡುವ ಆಪರೇಷನ್ ಬೇರೆ. ಕೂಡದ ಮೂಳೆ ಸರಿಪಡಿಸುವುದು, ವಕ್ರವಾಗಿ ಕೂಡಿದ್ದನ್ನು ನೇರ ಮಾಡುವುದು, ಹಳೆ ರಾಡ್ ತೆಗೆಸುವುದು ಇಂಥದ್ದಕ್ಕೆ ಸಮಯ ಸಿಗುತ್ತದೆ. ಒಂದೆರಡು ತಿಂಗಳು ಮುಂಚೆಯೇ ಹಿಮೋಗ್ಲೋಬಿನ್ ನೋಡಿಸಿ. ಕಮ್ಮಿ ಇದ್ದರೆ ಕಬ್ಬಿಣದ ಮಾತ್ರೆ, ಮಾತ್ರೆ ಸಾಲದಿದ್ದರೆ ನರಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ. ಮಾತ್ರೆ ನುಂಗಿ ಹಿಂದೆಯೇ ಕಾಫಿ, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ. ನಿಂಬೆ ಪಾನಕ ಅಥವಾ ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದು. ಬರಿಗಾಲಲ್ಲಿ ತೋಟ ಸುತ್ತುವವರಿಗೆ ಕೊಕ್ಕೆಹುಳು ಇರಬಹುದು. ಅದು ಕರುಳಲ್ಲಿ ಕೂತು ದಿನಾ ರಕ್ತ ಹೀರುತ್ತದೆ. ಹುಳದ ಮಾತ್ರೆಯ ಬಗ್ಗೆ ಕೇಳಿ.

ಐದನೇ ಹೆಜ್ಜೆ: ರಕ್ತ ಹೊಂದಿಸಿಡುವುದು

ಎಷ್ಟೇ ಉಳಿಸಿದರೂ ತೊಡೆ, ಸೊಂಟ, ಪೆಲ್ವಿಸ್ ಆಪರೇಷನ್‌ಗೆ ರಕ್ತ ತಯಾರಿರಬೇಕು. ಕೊಡುವವರಿಗೆ 18ರಿಂದ 65 ವರ್ಷ, ತೂಕ ಕನಿಷ್ಠ 45 ಕೆ.ಜಿ., ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಮಗನ ರಕ್ತವನ್ನೇ ಅಪ್ಪನಿಗೆ ಹಾಕಿ ಅಂತ ಪಟ್ಟು ಹಿಡಿಯಬೇಡಿ. ತೀರಾ ಹತ್ತಿರದ ರಕ್ತಸಂಬಂಧಿಯ ರಕ್ತದಿಂದ ಅಪರೂಪಕ್ಕೆ ದೊಡ್ಡ ಅಪಾಯ ಆಗುವುದುಂಟು. ಮಗ ಬ್ಲಡ್ ಬ್ಯಾಂಕಿಗೆ ಕೊಡಲಿ, ಅಪ್ಪನಿಗೆ ಬೇರೆಯವರದ್ದು ಬರಲಿ. ದುಡ್ಡಿಗೆ ರಕ್ತ ಮಾರುವುದನ್ನು ನಮ್ಮ ದೇಶದಲ್ಲಿ 1998ರಿಂದಲೇ ನಿಷೇಧಿಸಲಾಗಿದೆ. ಗೇಟಿನ ಹತ್ತಿರ ಯಾರಾದರೂ ಹಾಗೆ ಕರೆದರೆ ಹೋಗಬೇಡಿ.

ಆರನೇ ಹೆಜ್ಜೆ: ಥಿಯೇಟರ್ ಒಳಗೆ ನಾವು ಮಾಡುವುದು

ಇದು ನಿಮ್ಮ ಕೈಯಲ್ಲಿಲ್ಲ. ಆದರೂ ಒಳಗೆ ಏನು ನಡೆಯುತ್ತದೆ ಅಂತ ತಿಳಿದಿದ್ದರೆ ಹೊರಗೆ ಕೂತವರಿಗೆ ಧೈರ್ಯ ಇರುತ್ತದೆ, ಕೇಳಬೇಕಾದ್ದನ್ನು ಕೇಳಲೂ ಬರುತ್ತದೆ.

ಟೇಬಲ್ ಮೇಲೆ ಮಲಗಿಸಿದ ಕೂಡಲೇ ಮೈ ಬಿಸಿ ಇಡುವ ಕೆಲಸ ಶುರು. ಬಿಸಿಗಾಳಿ ಹೊದಿಕೆ, ಬೆಚ್ಚಗೆ ಮಾಡಿದ ಡ್ರಿಪ್. 36 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಸೊಂಟ, ಕಾಲಿನ ಕೆಲಸಕ್ಕೆ ಬೆನ್ನಿಗೆ ಸ್ಪೈನಲ್, ಅಂದರೆ ಮೈಯ ಕೆಳಭಾಗ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಾಗ ಆ ಭಾಗದ ನಾಳಗಳಲ್ಲಿ ಒತ್ತಡ ತಗ್ಗುವುದರಿಂದ ರಕ್ತ ಸ್ವಲ್ಪ ಕಡಿಮೆ ಹೋಗಬಹುದು. ರಕ್ತ ತೆಳು ಮಾಡುವ ಕೆಲವು ಮಾತ್ರೆ ನುಂಗಿದವರಿಗೆ ಸ್ಪೈನಲ್ ಕೊಡುವ ಹಾಗಿಲ್ಲ. ಬೆನ್ನುಹುರಿಯ ಹತ್ತಿರ ರಕ್ತ ಕಟ್ಟಿಕೊಂಡರೆ ಕಾಲಿನ ಬಲವೇ ಹೋಗಬಹುದು. ಮಾತ್ರೆ ಡಬ್ಬಿ ತನ್ನಿ ಅಂತ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ.

ಚರ್ಮ ಕೊಯ್ಯುವ ಮುಂಚೆ ಟ್ರಾನೆಕ್ಸಾಮಿಕ್ ಆಸಿಡ್, ಸಾಮಾನ್ಯವಾಗಿ 1 ಗ್ರಾಂ. ಮೊದಲು ಹೇಳಿದ ಮೂರು ಗಂಟೆಯ ಲೆಕ್ಕ ಪೆಟ್ಟಿನ ರಕ್ತಸ್ರಾವಕ್ಕೆ. ಆಪರೇಷನ್‌ನ ಕೊಯ್ತವೇ ಒಂದು ಹೊಸ ಗಾಯ. ಅದಕ್ಕೆ ಮುಂಚಿತವಾಗಿ ಕೊಡುವುದು ಬೇರೆ ಲೆಕ್ಕ. ಸೊಂಟದ ಮೂಳೆ ಆಪರೇಷನ್‌ನಲ್ಲಿ ಇದರಿಂದ ರಕ್ತ ಏರಿಸಬೇಕಾಗುವವರ ಸಂಖ್ಯೆ ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳು ಒಪ್ಪುತ್ತವೆ.

ಮೊಣಕಾಲಿನ ಕೆಳಗಿನ ಮೂಳೆಗೆ, ಮುಂಗೈಗೆ ಗಾಳಿ ತುಂಬುವ ಪಟ್ಟಿ, ಅಂದರೆ ಟೂರ್ನಿಕೆಟ್ ಕಟ್ಟುತ್ತಾರೆ. ಬಿಪಿ ನೋಡುವ ಪಟ್ಟಿಯದೇ ದೊಡ್ಡ ರೂಪ. ಕೈಗೆ ಸುಮಾರು 250, ಕಾಲಿಗೆ ಸುಮಾರು 300 ಮಿ.ಮೀ. ಪಾದರಸದ ಒತ್ತಡ. ಅಷ್ಟು ಹೊತ್ತು ಆ ಜಾಗಕ್ಕೆ ರಕ್ತವೇ ಬರುವುದಿಲ್ಲ. ಸಾಮಾನ್ಯವಾಗಿ 2 ಗಂಟೆ ಮೀರಿಸುವುದಿಲ್ಲ. ಗೋಡೆ ಗಡಿಯಾರ ನೋಡಿ ಸಿಸ್ಟರ್ ಸಮಯ ಕೂಗುತ್ತಿರುತ್ತಾರೆ. ಸೊಂಟಕ್ಕೂ ತೊಡೆಯ ಮೇಲ್ಭಾಗಕ್ಕೂ ಇದನ್ನು ಕಟ್ಟಲು ಜಾಗವೇ ಇಲ್ಲ. ಆ ಆಪರೇಷನ್‌ಗಳಲ್ಲಿ ರಕ್ತ ಹೆಚ್ಚು ಹೋಗಲು ಇದೂ ಕಾರಣ.

ಆಮೇಲೆ ಸರ್ಜನ್ ಕೈಚಳಕ. ಸಿ-ಆರ್ಮ್ ಅನ್ನುವ ಎಕ್ಸ್‌ರೇ ಯಂತ್ರದಲ್ಲಿ ನೋಡುತ್ತಾ, ಮುರಿದ ಜಾಗವನ್ನು ತೆರೆಯದೆ, ಕಾಲನ್ನು ಹೊರಗಿನಿಂದ ಎಳೆದು ಮೂಳೆ ಜೋಡಿಸಿ, ಚಿಕ್ಕ ಕೊಯ್ತದಿಂದ ಮೂಳೆಯೊಳಗೆ ರಾಡ್ ಇಳಿಸುತ್ತಾರೆ. ಪ್ಲೇಟ್ ಕೂಡ ಚರ್ಮದ ಕೆಳಗೆ ಜಾರಿಸಿ ಕೂರಿಸಬಹುದು. ತೆರೆಯಲೇಬೇಕಾದಾಗ ಮಾಂಸಖಂಡ ಕತ್ತರಿಸದೆ ಎರಡು ಖಂಡದ ನಡುವಿನ ಸಂದಿಯಲ್ಲೇ ದಾರಿ ಮಾಡಿಕೊಳ್ಳುತ್ತಾರೆ. ಕಾಣುವ ನಾಳವನ್ನು ಕಾಟರಿಯಿಂದ ಸುಟ್ಟು ಮುಚ್ಚುತ್ತಾರೆ, ದೊಡ್ಡದಾದರೆ ದಾರ ಕಟ್ಟುತ್ತಾರೆ. ಮೂಳೆಯಿಂದ ಜಿನುಗಿದರೆ ಮೇಣ ಹಚ್ಚುತ್ತಾರೆ. ಎಷ್ಟೋ ಸಲ ಬಟ್ಟೆ ತುರುಕಿ ಐದು ನಿಮಿಷ ಒತ್ತಿ ಹಿಡಿದು ಕಾಯುವುದೇ ಒಳ್ಳೆಯ ಮದ್ದು. ಎಲ್ಲಕ್ಕಿಂತ ಹೆಚ್ಚಾಗಿ ಯಾವ ಕಡೆಯಿಂದ ಕೊಯ್ಯಬೇಕು, ಯಾವ ರಾಡ್, ಯಾವ ಸ್ಕ್ರೂ ಅಂತ ಮುಂಚೆಯೇ ಯೋಚಿಸಿ, ಎಲ್ಲ ಸಾಮಾನು ಟ್ರೇನಲ್ಲಿ ಇಟ್ಟುಕೊಂಡೇ ಶುರು ಮಾಡುವವರ ಕೈಯಲ್ಲಿ ರಕ್ತ ಕಡಿಮೆ ಹೋಗುತ್ತದೆ. ಗಾಯ ತೆರೆದಿಟ್ಟು ಸ್ಕ್ರೂ ಹುಡುಕುವ ಹೊತ್ತಿನಲ್ಲೂ ರಕ್ತ ಹೋಗುತ್ತಿರುತ್ತದೆ.

ನನ್ನ ಕಡೆಯಿಂದ ಇನ್ನೂ ಎರಡು. ಹೋದ ರಕ್ತವನ್ನು ಅಂದಾಜಿಗೆ ಬಿಡದೆ ಅಳೆಯುತ್ತೇವೆ. ರಕ್ತ ಹೀರಿದ ಬಟ್ಟೆ ತೂಗಿದರೆ ಒಣ ತೂಕಕ್ಕಿಂತ ಜಾಸ್ತಿ ಬಂದ ಒಂದೊಂದು ಗ್ರಾಂಗೂ ಸುಮಾರು ಒಂದು ಮಿ.ಲೀ. ರಕ್ತ. ಇನ್ನೊಂದು, ಬಿಪಿ ಬಿತ್ತು ಅಂತ ಸಲೈನ್ ಸುರಿಯುತ್ತಾ ಹೋಗುವುದಿಲ್ಲ. ಅತಿಯಾದರೆ ಇರುವ ರಕ್ತವೂ ನೀರಾಗಿ ಹೆಪ್ಪುಗಟ್ಟುವುದು ಕೆಡುತ್ತದೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಪೆಲ್ವಿಸ್ ಆಪರೇಷನ್‌ಗೆ ಸೆಲ್ ಸೇವರ್ ಇರುತ್ತದೆ. ಹೋದ ರಕ್ತವನ್ನೇ ಹೀರಿ, ತೊಳೆದು, ಅವರಿಗೇ ವಾಪಸ್ ಕೊಡುವ ಯಂತ್ರ. ಗಾಯದಲ್ಲಿ ಕೀವು, ಕೊಳಕು ಇದ್ದರೆ ಅದನ್ನು ಬಳಸುವುದಿಲ್ಲ.

ಏಳನೇ ಹೆಜ್ಜೆ: ವಾರ್ಡಿನಲ್ಲಿ

ಆಪರೇಷನ್ ಮುಗಿದರೂ ರಕ್ತ ಹೋಗುವುದು ಪೂರ್ತಿ ನಿಂತಿರುವುದಿಲ್ಲ. ಮಾಂಸದ ಒಳಗೆ ಎರಡು ಮೂರು ದಿನ ಸೋರಬಹುದು. ಸೊಂಟದ ಮೂಳೆ ಮುರಿದವರಲ್ಲಿ ಥಿಯೇಟರಿನಲ್ಲಿ ಕಂಡದ್ದಕ್ಕಿಂತ ಹೀಗೆ ಕಾಣದೆ ಹೋದದ್ದೇ ಜಾಸ್ತಿ ಇರುತ್ತದೆ. ಆಪರೇಷನ್ ದಿನ 10 ಇದ್ದ ಹಿಮೋಗ್ಲೋಬಿನ್ ಮೂರನೇ ದಿನ 8 ಆದರೆ 'ಆಪರೇಷನ್ ಕೆಟ್ಟಿತು' ಅಂತ ಅರ್ಥ ಅಲ್ಲ. ಆದರೆ ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಯಾವಾಗ ರಕ್ತ ಏರಿಸಬೇಕು? ಹಿಂದೆ 10ಕ್ಕಿಂತ ಕೆಳಗೆ ಬಂದರೆ ಏರಿಸಿಬಿಡುತ್ತಿದ್ದರು. 2011ರಲ್ಲಿ ಅಮೆರಿಕ, ಕೆನಡಾದಲ್ಲಿ ನಡೆದ ಫೋಕಸ್ ಅನ್ನುವ ಅಧ್ಯಯನ ಪ್ರಕಟವಾಯಿತು. ಸೊಂಟದ ಮೂಳೆ ಆಪರೇಷನ್ ಆದ, ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದ 2,016 ಜನರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 10ರ ಕೆಳಗೆ ಬಂದರೆ ರಕ್ತ. ಇನ್ನೊಂದಕ್ಕೆ 8ರ ಕೆಳಗೆ ಬಂದರೆ, ಇಲ್ಲವೇ ಸುಸ್ತು, ಎದೆನೋವಿನಂಥ ಲಕ್ಷಣ ಕಂಡರೆ ಮಾತ್ರ. ಎರಡು ತಿಂಗಳ ಹೊತ್ತಿಗೆ ಸಾವಿನಲ್ಲಾಗಲಿ, ನಡೆಯುವುದರಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಈಗ ಸಾಮಾನ್ಯವಾಗಿ 8ರ ಗೆರೆ. ಹೃದಯಾಘಾತ ಆದವರಿಗೆ ಸ್ವಲ್ಪ ಮೇಲೇ ಇಟ್ಟುಕೊಳ್ಳುತ್ತಾರೆ. ಒಂದು ಯೂನಿಟ್ ಏರಿಸಿದರೆ ಹಿಮೋಗ್ಲೋಬಿನ್ ಸುಮಾರು 1 ಏರುತ್ತದೆ. ಒಂದು ಕೊಟ್ಟು, ನೋಡಿ, ಬೇಕಾದರೆ ಮಾತ್ರ ಇನ್ನೊಂದು. 'ತಂದಿಟ್ಟ ರಕ್ತ ವೇಸ್ಟ್ ಆಗುತ್ತೆ, ಹಾಕಿಬಿಡಿ' ಅಂತ ದಯವಿಟ್ಟು ಹೇಳಬೇಡಿ. ಬೇರೆಯವರ ರಕ್ತದಿಂದ ಜ್ವರ, ಅಲರ್ಜಿ ಆಗಬಹುದು. ವಯಸ್ಸಾದವರ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ಪಕ್ಕದಲ್ಲಿ ಕೂತವರು ಗಮನಿಸಬೇಕಾದದ್ದು: ಬ್ಯಾಂಡೇಜ್ ನೆನೆಯುತ್ತಾ ಹೋಗುವುದು, ತೊಡೆ ಕಲ್ಲಿನಂತೆ ಬಿಗಿಯಾಗುವುದು, ನಾಡಿ ಓಡುವುದು, ತಣ್ಣನೆಯ ಬೆವರು, ಮೂತ್ರ ಕಡಿಮೆಯಾಗುವುದು, ಅಜ್ಜಿ ಇದ್ದಕ್ಕಿದ್ದಂತೆ ತಪ್ಪುತಪ್ಪಾಗಿ ಮಾತಾಡುವುದು. ಇದರಲ್ಲಿ ಯಾವುದು ಕಂಡರೂ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಸಿಸ್ಟರನ್ನು ಎಬ್ಬಿಸಿ. ಬ್ಯಾಂಡೇಜ್ ಮೇಲೆ ರಕ್ತದ ಕಲೆಯ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದರೆ ಕಲೆ ಹರಡುತ್ತಿದೆಯಾ ಅಂತ ಸುಲಭವಾಗಿ ತಿಳಿಯುತ್ತದೆ.

ಆಪರೇಷನ್ ಆದ ಮೇಲೆ ಹೊಟ್ಟೆಗೆ ಹೆಪಾರಿನ್ ಬಗೆಯ ಇಂಜೆಕ್ಷನ್ ಕೊಡುತ್ತಾರೆ. ರಕ್ತ ತೆಳು ಮಾಡುವಂಥದ್ದು ಅಂತ ಗೊತ್ತಾಗಿ ಬೇಡ ಅನ್ನುವವರಿದ್ದಾರೆ. ಬೇಡ ಅನ್ನಬೇಡಿ. ಮಲಗಿದವರ ಕಾಲಿನಲ್ಲಿ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋದರೆ ಜೀವ ಹೋಗಬಹುದು. ಎಷ್ಟು ಗಂಟೆ ಬಿಟ್ಟು ಶುರು ಮಾಡಬೇಕು ಅಂತ ರಕ್ತಸ್ರಾವ ನೋಡಿಯೇ ನಿರ್ಧರಿಸಿರುತ್ತಾರೆ.

ಮನೆಗೆ ಹೋದ ಮೇಲೆ

ಹುರುಳಿ, ಹೆಸರುಕಾಳು, ನುಗ್ಗೆ ಸೊಪ್ಪು, ಹರಿವೆ ಸೊಪ್ಪು, ಮೊಟ್ಟೆ, ತಿನ್ನುವವರಿಗೆ ಮೀನು, ಮಾಂಸ, ಲಿವರ್. ಗಂಜಿ, ಉಪ್ಪಿನಕಾಯಿಯಲ್ಲೇ ದಿನ ದೂಡಿದರೆ ಸಾಲದು. ಹೊಸ ರಕ್ತಕ್ಕೆ ಕಬ್ಬಿಣದಷ್ಟೇ ಪ್ರೋಟೀನೂ ಬೇಕು. ಬಾಣಂತಿಯ ಹಾಗೆ ಪಥ್ಯ ಮಾಡಿಸುವ ಅಗತ್ಯ ಇಲ್ಲ.

ಕಬ್ಬಿಣದ ಮಾತ್ರೆಯನ್ನು ಚೆನ್ನಾಗಿದ್ದೇನೆ ಅನ್ನಿಸಿದ ಕೂಡಲೇ ಬಿಡಬಾರದು. ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕಾಗುತ್ತದೆ. ಅದರಿಂದ ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಡಿ. ಆದರೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯೊಂದಿಗೆ ಕಪ್ಪಗೆ ಹೋದರೆ, ಜೊತೆಗೆ ಹೊಟ್ಟೆನೋವು, ತಲೆಸುತ್ತು ಇದ್ದರೆ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗುತ್ತಿರಬಹುದು. ಆಗ ಮುಂದಿನ ತಪಾಸಣೆಯ ದಿನದವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಅವತ್ತೇ ಹೋಗಿ. ಡಿಸ್ಚಾರ್ಜ್ ಚೀಟಿಯನ್ನು ಜೊತೆಗೆ ಒಯ್ಯಿರಿ. ಕೊನೆಯ ಹಿಮೋಗ್ಲೋಬಿನ್ ಎಷ್ಟಿತ್ತು, ಎಷ್ಟು ಯೂನಿಟ್ ರಕ್ತ ಕೊಟ್ಟಿದ್ದರು, ಯಾವ ಮಾತ್ರೆ ನಡೆಯುತ್ತಿದೆ ಅನ್ನುವುದೆಲ್ಲ ಅದರಲ್ಲಿರುತ್ತದೆ. ಇಲ್ಲದಿದ್ದರೆ ಡಿಸ್ಚಾರ್ಜ್ ಆಗುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ.